ಕಲ್ಲಿದ್ದಲು ತರುವ ಕೆಲಸ ಯಾರದಾಗಿತ್ತು?

ಲಂಡನ್ನಿನ ವಾಯವ್ಯ ಅಂಚಿನಲ್ಲಿ, ಹ್ಯಾರೋ ಕಡೆಯ ಒಂದು ಕೇರ್ ಹೋಮಿಗೆ ನಾನು ಕೆಲಸಕ್ಕೆ ಸೇರಿ ಹದಿನಾರು ವರ್ಷವಾಯಿತು. ಹಾಸನದಿಂದ ಬಂದ ಹೊಸದರಲ್ಲಿ ರಾತ್ರಿ ಪಾಳಿ. ಹಾಸಿಗೆ ಬದಲಿಸುವುದು, ನೀರು ಕುಡಿಸುವುದು, ನಿದ್ದೆ ಬಾರದವರ ಪಕ್ಕದಲ್ಲಿ ಕೂರುವುದು. ಈ ಕೂರುವ ಕೆಲಸವೇ ಬರುಬರುತ್ತಾ ನನ್ನ ಉದ್ಯೋಗವಾಯಿತು. ಈಗ ಹಗಲು ಹೊತ್ತಿನಲ್ಲಿ ಹಿರಿಯರ ಬಾಲ್ಯದ ನೆನಪುಗಳನ್ನು ಕೇಳಿ ಬರೆದಿಡುತ್ತೇನೆ. ಮನೆಯವರು ಓದುತ್ತಾರೆ, ಪಾಳಿ ಬದಲಾದಾಗ ಬರುವ ಹೊಸ ಹುಡುಗಿಯರೂ ಓದುತ್ತಾರೆ.

ವಯಸ್ಸಾದವರು ಹಳೆಯದನ್ನೇ ಮತ್ತೆ ಮತ್ತೆ ಹೇಳುವುದನ್ನು ವೈದ್ಯರು ಒಂದು ಕಾಲದಲ್ಲಿ ಅರಳುಮರುಳು ಎಂದೇ ಎಣಿಸುತ್ತಿದ್ದರು. ಹಾಗಲ್ಲ, ಬದುಕನ್ನು ಹಿಂತಿರುಗಿ ನೋಡುವುದು ಆ ವಯಸ್ಸಿಗೆ ಬೇಕೇಬೇಕಾದ ಕೆಲಸ ಎಂದು 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು ಬರೆದರು. ನಮ್ಮಂಥವರ ಕೆಲಸಕ್ಕೆ ಬುನಾದಿ ಬಿದ್ದದ್ದು ಅಲ್ಲಿಂದ.

ನನ್ನೆದುರು ಕೂರುವವರಲ್ಲಿ ಹೆಚ್ಚಿನವರು 1938ರಿಂದ 1950ರ ನಡುವೆ ಹುಟ್ಟಿದವರು. ಪಿನ್ನರ್, ರೇನರ್ಸ್ ಲೇನ್, ರೈಸ್ಲಿಪ್ ಬಡಾವಣೆಗಳಲ್ಲಿ ಬೆಳೆದವರು. ಅವರ ಮಾತು ಕೇಳುತ್ತಾ ನಾನು ಕಲಿತದ್ದನ್ನು, ಕಲಿತ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

1. "ನಿಮ್ಮ ಬಾಲ್ಯ ಹೇಗಿತ್ತು?" ಎಂದು ಕೇಳಬೇಡಿ

ಮೊದಲ ಎರಡು ವರ್ಷ ನಾನು ಇದನ್ನೇ ಕೇಳಿದೆ. ಬರುತ್ತಿದ್ದ ಉತ್ತರವೂ ಒಂದೇ. ಚೆನ್ನಾಗಿತ್ತು, ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ, ದಿನವಿಡೀ ಹೊರಗೆ ಆಡುತ್ತಿದ್ದೆವು, ಕತ್ತಲಾದಾಗ ಮನೆಗೆ ಬರುತ್ತಿದ್ದೆವು. ಸುಳ್ಳೇನಲ್ಲ. ಆದರೆ ನೂರು ಜನ ಒಂದೇ ವಾಕ್ಯ ಹೇಳಿದರೆ ಅದರಲ್ಲಿ ಯಾರ ಬಾಲ್ಯವೂ ಸಿಗುವುದಿಲ್ಲ.

ಒಂದು ಜನವರಿಯಲ್ಲಿ ಹೀಟರ್ ಕೆಟ್ಟಿತ್ತು. ಎಂಬತ್ತು ದಾಟಿದ ಅಜ್ಜಿಯೊಬ್ಬರ ಭುಜಕ್ಕೆ ಶಾಲು ಹೊದಿಸುತ್ತಾ, "ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ಕಲ್ಲಿದ್ದಲು ತರುವ ಕೆಲಸ ಯಾರದಾಗಿತ್ತು?" ಎಂದು ಸುಮ್ಮನೆ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದರು. ಕಲ್ಲಿದ್ದಲಿನ ರೇಷನ್ 1958ರವರೆಗೂ ಇತ್ತು. ಲಾರಿ ಬಂದ ದಿನ ಅಮ್ಮ ಇವರನ್ನು ಅಡುಗೆಮನೆ ಕಿಟಕಿಯ ಬಳಿ ನಿಲ್ಲಿಸಿ ಮೂಟೆ ಎಣಿಸಲು ಹೇಳುತ್ತಿದ್ದರು. ಒಂದೊಂದು ಮೂಟೆ 112 ಪೌಂಡ್, ಅಂದರೆ ಐವತ್ತು ಕಿಲೋ. ಹೊರುವವನ ಬೆನ್ನಿಗೆ ಚರ್ಮದ ಕವಚ, ಮುಖದಲ್ಲಿ ಕಣ್ಣು ಮಾತ್ರ ಬಿಳಿ. ಖಾಲಿ ಚೀಲಗಳನ್ನು ಅವನು ಒಂದರ ಮೇಲೊಂದು ಹಾಸುತ್ತಿದ್ದ. ಎಣಿಕೆ ತಪ್ಪಿದರೆ ಚೀಲ ಎಣಿಸಿ ತಾಳೆ ನೋಡಬೇಕು. ಬೆಳಿಗ್ಗೆ ಅಗ್ಗಿಷ್ಟಿಕೆಯ ಬೂದಿ ತೆಗೆಯುವುದು ಅಣ್ಣನ ಪಾಲು. ಆ ಬೂದಿಯನ್ನು ಹಿಮಗಟ್ಟಿದ ಕಾಲುದಾರಿಗೆ ಸುರಿದರೆ ಅಪ್ಪ ಜಾರದೆ ಸ್ಟೇಷನ್ ತಲುಪುತ್ತಿದ್ದರು. ಬೆಂಕಿ ಇದ್ದದ್ದು ಒಂದೇ ಕೋಣೆಯಲ್ಲಿ. ಮಲಗುವ ಕೋಣೆಯ ಗಾಜಿನ ಒಳಮೈಯಲ್ಲೇ ರಾತ್ರಿ ಹೆಪ್ಪುಗಟ್ಟಿದ ಹಿಮ ಜರೀಗಿಡದ ಎಲೆಗಳಂತೆ ಮೂಡಿರುತ್ತಿತ್ತಂತೆ. ಹೆಬ್ಬೆರಳು ಒತ್ತಿ ಅದರಲ್ಲಿ ಒಂದು ರಂಧ್ರ ಮಾಡಿ ಬೀದಿ ನೋಡುತ್ತಿದ್ದರು. ಹೇಳುವಾಗಲೂ ಹೆಬ್ಬೆರಳನ್ನು ಮುಂದೆ ಚಾಚಿದ್ದರು.

ಅದೇ ಕಲ್ಲಿದ್ದಲಿನ ಹೊಗೆಗೆ 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಉಸಿರುಗಟ್ಟಿತು. ಸುಮಾರು ನಾಲ್ಕು ಸಾವಿರ ಜನ ಸತ್ತರೆಂದು ಆಗಿನ ಲೆಕ್ಕ, ಹನ್ನೆರಡು ಸಾವಿರದಷ್ಟಿರಬಹುದೆಂದು ಆಮೇಲಿನ ಸಂಶೋಧಕರ ಲೆಕ್ಕ. ಶುದ್ಧ ಗಾಳಿಯ ಕಾಯ್ದೆ ಬಂದದ್ದು 1956ರಲ್ಲಿ. ಅಜ್ಜಿ ಹೇಳಿದ್ದು ಇದ್ಯಾವುದನ್ನೂ ಅಲ್ಲ. ಮೂಗು ಒರೆಸಿದ ಕರವಸ್ತ್ರ ಕಪ್ಪಾಗಿದ್ದನ್ನು, ಪಕ್ಕದ ಮನೆಯ ತಾತ ಆ ವಾರದ ನಂತರ ಬೇಲಿಯ ಬಳಿ ಕಾಣದೇ ಹೋದದ್ದನ್ನು.

ಅಂದಿನಿಂದ ನಾನು ಮನೆಗೆಲಸದ ಬಗ್ಗೆಯೇ ಕೇಳುತ್ತೇನೆ. ಸೋಮವಾರದ ಬಟ್ಟೆ ಒಗೆತದಲ್ಲಿ ಹಿಂಡುವ ಯಂತ್ರದ ಹಿಡಿ ತಿರುಗಿಸುತ್ತಿದ್ದವರು ಯಾರು? ಹಾಲಿನ ಗಾಡಿಯ ಕುದುರೆ ಲದ್ದಿ ಹಾಕಿದರೆ ಅಪ್ಪನ ಗುಲಾಬಿ ಗಿಡಕ್ಕೆಂದು ಬಕೆಟ್ಟು ಸಲಿಕೆ ಹಿಡಿದು ಓಡುತ್ತಿದ್ದವರು ಯಾರು? ಇದಕ್ಕೆ "ಚೆನ್ನಾಗಿತ್ತು" ಎಂದು ಯಾರೂ ಉತ್ತರ ಕೊಡಲಾರರು.

2. ಮನೆಯ ನಕ್ಷೆ ಬರೆಸಿ

ಒಂದು ದೊಡ್ಡ ಕಾಗದ, ದಪ್ಪ ಪೆನ್ಸಿಲ್ಲು. "ಮುಂಬಾಗಿಲು ಎಲ್ಲಿತ್ತು, ಅಲ್ಲಿಂದ ಶುರು ಮಾಡಿ" ಎನ್ನುತ್ತೇನೆ.

ಈ ಭಾಗದ ಮನೆಗಳು ಬಹುಪಾಲು ಒಂದೇ ಅಚ್ಚಿನವು. ಮೆಟ್ರೊಪಾಲಿಟನ್ ರೈಲ್ವೆ ತನ್ನ ಹಳಿಯ ಅಕ್ಕಪಕ್ಕದ ಹೊಲಗದ್ದೆಗಳಿಗೆ "ಮೆಟ್ರೋ-ಲ್ಯಾಂಡ್" ಎಂದು ಹೆಸರಿಟ್ಟು 1915ರಿಂದ 1932ರವರೆಗೆ ಪುಸ್ತಿಕೆ ಹೊರಡಿಸಿ ಜನರನ್ನು ಕರೆಯಿತು. ಹಳ್ಳಿಯ ಗಾಳಿ, ಆಫೀಸಿಗೆ ರೈಲು, ಸ್ವಂತ ಮನೆ, ಹಿತ್ತಲು. 1930ರ ದಶಕದಲ್ಲಿ ಇಲ್ಲಿ ಸಾಲು ಸಾಲಾಗಿ ಎದ್ದದ್ದು ನಡುಗೋಡೆ ಹಂಚಿಕೊಂಡ ಜೋಡಿ ಮನೆಗಳು. ಮುಂದೆ ಉಬ್ಬಿದ ಕಿಟಕಿ, ಕೆಳಗೆ ಎರಡು ಕೋಣೆ ಮತ್ತು ಅಡುಗೆಮನೆ, ಮೇಲೆ ಎರಡು ಮಲಗುವ ಕೋಣೆ, ಮುಂಬಾಗಿಲಿನ ನೆತ್ತಿಯ ಮೇಲೆ ಪೆಟ್ಟಿಗೆಯಂಥ ಒಂದು ಪುಟ್ಟ ಕೋಣೆ. ಫ್ರಿಜ್ ಇಲ್ಲದ ಕಾಲ. ಬಿಸಿಲು ತಾಗದ ಗೋಡೆಗೆ ಒಂದು ಉಗ್ರಾಣ, ಅದರಲ್ಲಿ ಕಲ್ಲಿನ ಹಲಗೆ, ಹಲಗೆಯ ಮೇಲೆ ಹಾಲು, ಬೆಣ್ಣೆ.

ಅಚ್ಚು ಒಂದೇ ಆದರೂ ಬರೆಯುವ ಕೈ ಒಂದೇ ಅಲ್ಲ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಮೆಟ್ಟಿಲುಗಳನ್ನು ಒಂದೊಂದಾಗಿ ಹದಿಮೂರು ಗೆರೆ ಎಳೆದು, ನಾಲ್ಕನೆಯದರ ಮೇಲೆ ಗುರುತು ಹಾಕಿದರು. ಅದು ಕಿರುಗುಟ್ಟುವ ಮೆಟ್ಟಿಲು. ಅಪ್ಪ ಅಮ್ಮ ಕೆಳಗೆ ರೇಡಿಯೋ ಕೇಳುವಾಗ ಇವರು ಅದನ್ನು ದಾಟಿ ಐದನೆಯದರ ಮೇಲೆ ಕೂತು ತಾವೂ ಕೇಳುತ್ತಿದ್ದರು. ಒಬ್ಬ ಮಹಿಳೆ ಮುಂದಿನ ಕೋಣೆಯನ್ನು ಬರೆದು ಅದರೊಳಗೆ ಏನೂ ತುಂಬಲಿಲ್ಲ. "ಅಲ್ಲಿ ನಮಗೆ ಪ್ರವೇಶವಿರಲಿಲ್ಲ" ಅಂದರು. ಒಳ್ಳೆಯ ಸೋಫಾ, ಪಿಯಾನೋ, ಗಾಜಿನ ಬೀರು ಎಲ್ಲ ಅಲ್ಲೇ. ಬಾಗಿಲು ತೆರೆಯುತ್ತಿದ್ದದ್ದು ಕ್ರಿಸ್‌ಮಸ್ಸಿಗೆ, ಪಾದ್ರಿ ಬಂದಾಗ, ಮತ್ತು ಅಜ್ಜನ ಶವಪೆಟ್ಟಿಗೆ ಇಟ್ಟಾಗ.

ನಕ್ಷೆ ಹಿತ್ತಲಿಗೆ ಬರುವ ಹೊತ್ತಿಗೆ ಹತ್ತರಲ್ಲಿ ನಾಲ್ಕು ಜನ ಅಲ್ಲೊಂದು ಗುಡ್ಡೆ ಬರೆಯುತ್ತಾರೆ. ಯುದ್ಧಕಾಲದ ಆಂಡರ್ಸನ್ ಬಾಂಬು ಗೂಡು. ನೆಲಕ್ಕೆ ಅರ್ಧ ಹೂತ ಡೊಂಕು ತಗಡು, ಮೇಲೆ ಮಣ್ಣು. 1950ರ ದಶಕದ ಮಕ್ಕಳಿಗೆ ಅದು ಸೈಕಲ್ಲಿಡುವ ಜಾಗ, ಕಳ್ಳ ಪೊಲೀಸ್ ಆಟದ ಜೈಲು. ಅದರೊಳಗೆ ರಾತ್ರಿ ಕಳೆದಿದ್ದ ಅಮ್ಮಂದಿರು ಮಾತ್ರ ಎಂದೂ ಒಳಗೆ ಕಾಲಿಡುತ್ತಿರಲಿಲ್ಲ ಎಂದು ಮೂರು ಬೇರೆ ಬೇರೆ ಮನೆಯವರು ನನಗೆ ಹೇಳಿದ್ದಾರೆ.

3. ನಂಬಿ, ಆಮೇಲೆ ತಾಳೆ ನೋಡಿ

ಮರೆವಿನ ಕಾಯಿಲೆ ಶುರುವಾಗಿದ್ದ ಒಬ್ಬರು ಪದೇ ಪದೇ ಒಂದು ಮಾತು ಹೇಳುತ್ತಿದ್ದರು: "ಮಿಠಾಯಿ ಎರಡು ಸಲ ಬಂತು. ಒಂದು ಸಲ ಕೊಟ್ಟು ಕಿತ್ತುಕೊಂಡರು." ಮಗಳು ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. ಅಮ್ಮನಿಗೆ ಎಲ್ಲ ಕಲಸುಮೇಲೋಗರ ಆಗಿದೆ ಅಂತ ಅರ್ಥ.

ನಾನು ಆ ರಾತ್ರಿ ಮನೆಗೆ ಹೋಗಿ ಓದಿದೆ. ಬ್ರಿಟನ್ನಿನಲ್ಲಿ ಆಹಾರದ ರೇಷನ್ 1940ರ ಜನವರಿಯಲ್ಲಿ ಶುರುವಾಗಿ 1954ರ ಜುಲೈ 4ಕ್ಕೆ ಪೂರ್ತಿ ಮುಗಿಯಿತು. ಯುದ್ಧ ಮುಗಿದು ಒಂಬತ್ತು ವರ್ಷದ ಮೇಲೆ! ಯುದ್ಧದ ನಡುವೆ ಎಂದೂ ರೇಷನ್ ಆಗದಿದ್ದ ಬ್ರೆಡ್ಡು ಶಾಂತಿ ಬಂದ ಮೇಲೆ, 1946ರಿಂದ 1948ರವರೆಗೆ, ರೇಷನ್ ಆಯಿತು. ಮಿಠಾಯಿಯ ಕಥೆ ಹೀಗೆ: 1942ರಿಂದ ರೇಷನ್. 1949ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ತೆಗೆಯಿತು. ಜನ ಅಂಗಡಿಗಳಿಗೆ ಮುಗಿಬಿದ್ದರು, ಜಾಡಿಗಳು ಬರಿದಾದವು, ಸಕ್ಕರೆ ಸಾಲಲಿಲ್ಲ. ಆಗಸ್ಟ್‌ನಲ್ಲಿ ಮತ್ತೆ ರೇಷನ್. ನಿಜವಾಗಿ ಬಿಡುಗಡೆಯಾದದ್ದು 1953ರ ಫೆಬ್ರವರಿ 5ರಂದು.

ಅವರು 1944ರಲ್ಲಿ ಹುಟ್ಟಿದವರು. ಮಿಠಾಯಿ ಮೊದಲ ಸಲ ಬಂದಾಗ ಐದು ವರ್ಷ, ಎರಡನೆಯ ಸಲ ಒಂಬತ್ತು ತುಂಬುತ್ತಿತ್ತು. ಮರುದಿನ ಮಗಳಿಗೆ ಈ ತಾರೀಖುಗಳನ್ನು ತೋರಿಸಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಮ್ಮನ ಪಕ್ಕ ಕೂತು, "ಕಿತ್ತುಕೊಂಡಾಗ ನೀನು ಏನು ಮಾಡಿದೆ?" ಎಂದು ಕೇಳಿದಳು. ಎರಡು ವರ್ಷದಲ್ಲಿ ಅಮ್ಮನಿಗೆ ಅವಳು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಉತ್ತರ ತಕ್ಷಣ ಬಂತು: ಕೊನೆಯ ಲೈಕರಿಸ್ ತುಂಡನ್ನು ಅರ್ಧ ತಿಂದು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಹಿತ್ತಲಿನ ಬಾಂಬು ಗೂಡಿನಲ್ಲಿ ಬಚ್ಚಿಟ್ಟಿದ್ದೆ, ಇರುವೆ ತಿಂದವು.

ತಾರೀಖು ಇಸವಿ ಓದಿಕೊಳ್ಳುವುದು ಅವರನ್ನು ತಿದ್ದಲಿಕ್ಕಲ್ಲ. ಅವರ ಪರ ನಿಲ್ಲಲಿಕ್ಕೆ.

4. ಕೈಗೆ ಒಂದು ವಸ್ತು ಕೊಡಿ

ನನ್ನ ಚೀಲದಲ್ಲಿ ಸದಾ ಒಂದು ತ್ರೀಪೆನ್ನಿ ನಾಣ್ಯ ಇರುತ್ತದೆ. ಹಿತ್ತಾಳೆ ಬಣ್ಣ, ಹನ್ನೆರಡು ಮೂಲೆ. ಮಾತು ನಿಂತುಹೋಗಿದ್ದ ಒಬ್ಬ ತಾತನ ಅಂಗೈಗೆ ಅದನ್ನಿಟ್ಟಾಗ ಹೆಬ್ಬೆರಳಿನಿಂದ ಅಂಚನ್ನು ತಿರುಗಿಸುತ್ತಾ ಹೋದರು. ನೋಡಲಿಲ್ಲ, ಮುಟ್ಟಿದ್ದೇ. "ತ್ರುಪೆನ್ನಿ" ಅಂದರು. ಆ ತಿಂಗಳು ಅವರ ಬಾಯಿಂದ ಬಂದ ಮೊದಲ ಪದ.

ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್, ಒಟ್ಟು 240 ಪೆನ್ನಿ. ಈ ಲೆಕ್ಕ 1971ರ ಫೆಬ್ರವರಿ 15ಕ್ಕೆ ಮುಗಿಯಿತು. ಇಲ್ಲಿನ ಎಳೆಯ ಸಿಬ್ಬಂದಿಗೆ ಇದು ತಲೆಗೇ ಹತ್ತುವುದಿಲ್ಲ. ನನಗೆ ಹತ್ತಿತು, ಏಕೆಂದರೆ ನನ್ನಜ್ಜ ಆಣೆ ಪೈಗಳಲ್ಲೇ ಮಾತಾಡುತ್ತಿದ್ದರು. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ನಮ್ಮಲ್ಲಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಇವರಿಗಿಂತ ಹದಿನಾಲ್ಕು ವರ್ಷ ಮೊದಲು. ಇದನ್ನು ಹೇಳಿದಾಗ ಹಿರಿಯರ ಮುಖದಲ್ಲಿ ಒಂದು ನಿರಾಳ ಕಾಣುತ್ತದೆ. ತಾವು ಹೇಳುವ ಲೆಕ್ಕ ಅರ್ಥವಾಗುವ ಮನುಷ್ಯರು ಒಬ್ಬರಾದರೂ ಕೋಣೆಯಲ್ಲಿದ್ದಾರೆ ಅಂತ.

5. ಆಟದ ಮಾತುಗಳನ್ನು ಅವರ ಬಾಯಲ್ಲಿ ಬಂದಂತೆಯೇ ಬರೆಯಿರಿ

ಪೆಟ್ರೋಲ್ ರೇಷನ್ 1950ರವರೆಗೆ ಇದ್ದುದರಿಂದ, ಅದು ಹೋದ ಮೇಲೂ ಕಾರು ಕೊಳ್ಳುವಷ್ಟು ಹಣ ಎಲ್ಲರ ಬಳಿ ಇಲ್ಲದ್ದರಿಂದ, ಬೀದಿ ಮಕ್ಕಳ ಪಾಲಿಗಿತ್ತು. ಬೀದಿಯ ತುದಿಯಲ್ಲಿ ಬಡಾವಣೆ ಥಟ್ಟನೆ ಮುಗಿದು ಹೊಲ ಶುರು. ಅದಕ್ಕೂ ಕಾರಣವಿದೆ. 1939ರಲ್ಲಿ ಯುದ್ಧ ಬಂದು ಮನೆ ಕಟ್ಟುವುದು ನಿಂತಿತು. ಆಮೇಲೆ ಲಂಡನ್ನಿನ ಸುತ್ತ ಹಸಿರು ಪಟ್ಟಿ ಬಿಡಬೇಕೆಂದು 1944ರ ಯೋಜನೆಯಲ್ಲಿ ಪ್ಯಾಟ್ರಿಕ್ ಅಬರ್‌ಕ್ರೋಂಬಿ ಗೆರೆ ಎಳೆದರು. ಒಬ್ಬರು ಹೇಳಿದ್ದು ನನಗಿಷ್ಟ: "ನಮ್ಮ ಬೀದಿ ರಸ್ತೆಯಾಗಿ ಶುರುವಾಗಿ ಕೆಸರಾಗಿ ಮುಗಿಯುತ್ತಿತ್ತು."

ಆಟದ ನಡುವೆ ಉಸಿರು ಬಿಡಲು, ಶೂ ಲೇಸ್ ಕಟ್ಟಲು, ಎರಡು ಬೆರಳು ಹೆಣೆದು "ಫೇನೈಟ್ಸ್!" ಎಂದು ಕೂಗುತ್ತಿದ್ದರು. ಕೂಗಿದವರನ್ನು ಮುಟ್ಟುವಂತಿಲ್ಲ. ಇಂಗ್ಲೆಂಡಿನ ಬೇರೆ ಕಡೆ ಅದಕ್ಕೇ "ಬಾರ್ಲಿ", "ಕಿಂಗ್ಸ್", "ಸ್ಕಿಂಚ್" ಎನ್ನುತ್ತಿದ್ದರು. ಅಯೋನಾ ಮತ್ತು ಪೀಟರ್ ಓಪಿ ದಂಪತಿ ಸುಮಾರು ಐದು ಸಾವಿರ ಮಕ್ಕಳಿಂದ ಇಂಥವನ್ನು ಕೇಳಿ ಸಂಗ್ರಹಿಸಿ 1959ರಲ್ಲಿ ಪುಸ್ತಕ ಮಾಡಿದರು. ಕೇಳಿದ್ದು ಮಕ್ಕಳನ್ನೇ, ದೊಡ್ಡವರನ್ನಲ್ಲ. ನನಗೆ ಆ ಪುಸ್ತಕದ ಬಗ್ಗೆ ಅಪಾರ ಗೌರವ. ಆಟದ ನಡುವಿನ ಈ ಬಿಡುವಿಗೆ ನಾವು ಹಾಸನದಲ್ಲಿ "ಜೂಟ್" ಅನ್ನುತ್ತಿದ್ದೆವು. ಒಬ್ಬ ತಾತನಿಗೆ ಹೇಳಿಕೊಟ್ಟೆ. ಈಗ ಔಷಧಿ ಬೇಡವಾದಾಗ ಎರಡು ಬೆರಳು ಹೆಣೆದು ನನಗೆ "ಜೂಟ್" ಅನ್ನುತ್ತಾರೆ, ಹತ್ತು ನಿಮಿಷ ಬಿಟ್ಟು ತೆಗೆದುಕೊಳ್ಳುತ್ತಾರೆ.

"ಮಕ್ಕಳು ವಿರಾಮ ಕೇಳುತ್ತಿದ್ದರು" ಎಂದು ಬರೆದರೆ ಇದೆಲ್ಲ ಸತ್ತುಹೋಗುತ್ತದೆ. ಫೇನೈಟ್ಸ್ ಎಂದೇ ಬರೆಯಬೇಕು.

6. ಎರಡು ನೆನಪು ಒಂದಾಗಿ ಹೊಲಿದುಕೊಂಡಿದ್ದರೆ ಹೊಲಿಗೆ ಬಿಚ್ಚಬೇಡಿ

1953ರ ಜೂನ್ 2, ರಾಣಿಯ ಪಟ್ಟಾಭಿಷೇಕ. ಬೀದಿಯಲ್ಲಿ ಟಿವಿ ಇದ್ದ ಒಂದೇ ಮನೆಯಲ್ಲಿ ಪರದೆ ಎಳೆದು, ಇಪ್ಪತ್ತು ಜನ ಒತ್ತಿಕೊಂಡು ನೋಡಿದ ಕಥೆ ಎಲ್ಲರ ಬಳಿಯೂ ಇದೆ. ಹೊರಗೆ ಮಳೆ. ಹಲವರು ರಾಣಿಯ ಉಡುಪಿನ ಬಣ್ಣ, ಗಾಡಿಯ ಚಿನ್ನ ವರ್ಣಿಸುತ್ತಾರೆ. ಟಿವಿ ಕಪ್ಪು ಬಿಳುಪಿನದು. ಬಣ್ಣ ಬಂದದ್ದು ಕೆಲವೇ ದಿನಗಳಲ್ಲಿ ಸಿನಿಮಾ ಮಂದಿರಕ್ಕೆ ಬಂದ "ಎ ಕ್ವೀನ್ ಈಸ್ ಕ್ರೌನ್ಡ್" ಚಿತ್ರದಿಂದ. ಶಾಲೆಗಳೇ ಮಕ್ಕಳನ್ನು ಸಾಲಾಗಿ ಕರೆದೊಯ್ದಿದ್ದವು. ಎರಡೂ ಅವರು ನೋಡಿದ್ದೇ. ಬರೆದುಕೊಳ್ಳಿ, ಮುಂದೆ ಹೋಗಿ.

7. ನೋವು ತಾನಾಗಿ ಬರುತ್ತದೆ. ಬಂದಾಗ ಎದ್ದು ಹೋಗಬೇಡಿ

ಎಂಬತ್ತರ ಹತ್ತಿರದ ಒಬ್ಬರು, ವಾರವಿಡೀ ಸೌಮ್ಯ. ಭಾನುವಾರ ಸಂಜೆ ಮಗಳು ಹೊರಟಳೆಂದರೆ ಬೇರೆಯೇ ಮನುಷ್ಯ. ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಬಿಡುತ್ತಲೇ ಇರಲಿಲ್ಲ. ಬೈಯುತ್ತಿದ್ದರು. ಮಗಳು ಕಾರಿನಲ್ಲಿ ಕೂತು ಅಳುತ್ತಿದ್ದಳು. ಕಾಯಿಲೆಯ ಲಕ್ಷಣ ಎಂದು ನಮ್ಮ ಕಡತದಲ್ಲಿ ಬರೆದಿತ್ತು.

ಒಂದು ದಿನ ನೆಲ ಒರೆಸಲು ಹೊಸ ದ್ರಾವಣ ತಂದಿದ್ದರು. ಕಾರ್ಬಾಲಿಕ್ ಸೋಪಿನ ಘಾಟು. ಇವರು ಕುರ್ಚಿಯಲ್ಲಿ ಮುದುಡಿಕೊಂಡು, "ಗಾಜು" ಅಂದರು. ಯಾವ ಗಾಜು? ಪಕ್ಕದಲ್ಲಿ ಕೂತೆ. ಅಂದು ಸ್ವಲ್ಪ, ಮೂರು ದಿನ ಬಿಟ್ಟು ಸ್ವಲ್ಪ, ಹೀಗೆ ತಿಂಗಳಲ್ಲಿ ಕಥೆ ಪೂರ್ತಿಯಾಯಿತು. ಐದು ವರ್ಷದವರಿದ್ದಾಗ ಸ್ಕಾರ್ಲೆಟ್ ಜ್ವರ. ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಐದಾರು ವಾರ. ಅಪ್ಪ ಅಮ್ಮ ಒಳಗೆ ಬರುವಂತಿಲ್ಲ. ಭಾನುವಾರ ಬಂದು ಕಿಟಕಿಯಾಚೆ ಹುಲ್ಲಿನ ಮೇಲೆ ನಿಂತು ಕೈ ಬೀಸುತ್ತಿದ್ದರು. ಅಮ್ಮನ ಬಾಯಿ ಅಲುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬಿಡುಗಡೆಯ ದಿನ, ಜೊತೆಗಿದ್ದ ಬಟ್ಟೆಯ ಕರಡಿಗೆ ಸೋಂಕು ಇರಬಹುದೆಂದು ಅಲ್ಲೇ ಇರಿಸಿಕೊಂಡರು. ಎಪ್ಪತ್ತು ವರ್ಷದಲ್ಲಿ ಇದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಇದು ಒಬ್ಬರ ಕಥೆಯಲ್ಲ, ಆ ತಲೆಮಾರಿನದು. ಕೆಲವು ಊರುಗಳಲ್ಲಿ ಪ್ರತಿ ರೋಗಿಗೆ ಒಂದು ಸಂಖ್ಯೆ ಕೊಟ್ಟು, ಯಾವ ಸಂಖ್ಯೆಯವರ ಸ್ಥಿತಿ ಹೇಗಿದೆ ಎಂದು ಸ್ಥಳೀಯ ಪತ್ರಿಕೆಯಲ್ಲಿ ಹಾಕುತ್ತಿದ್ದರು, ಹೆತ್ತವರು ಅದನ್ನು ಓದಿ ತಿಳಿಯಬೇಕಿತ್ತು. ಮಗು ಅಳದಿದ್ದರೆ ಹೊಂದಿಕೊಂಡಿದೆ ಎಂದೇ ವೈದ್ಯರು ನಂಬಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬುವರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವೊಂದನ್ನು ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಸುಮ್ಮನಿರುವುದು ಸಮಾಧಾನವಲ್ಲ ಎಂದು ಆ ಚಿತ್ರ ಹೇಳಿತು. ಹೆತ್ತವರನ್ನು ಮುಕ್ತವಾಗಿ ಬಿಡಬೇಕೆಂದು ಪ್ಲ್ಯಾಟ್ ಸಮಿತಿ ವರದಿ ಕೊಟ್ಟದ್ದು 1959ರಲ್ಲಿ. ಅಷ್ಟರಲ್ಲಿ ಎಷ್ಟು ಮಕ್ಕಳು ಆ ಗಾಜಿನ ಹಿಂದೆ ನಿಂತಿದ್ದವೋ.

ಮಗಳನ್ನು ಕರೆದು ಹೇಳಿದೆ. ನಮ್ಮೂರಲ್ಲಿ ಯಾರೂ "ಹೋಗ್ತೀನಿ" ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ, ನೀನೂ ಹಾಗೆ ಮಾಡಿ ನೋಡು ಎಂದೆ. ಈಗ ಆಕೆ ಹೊರಡುವ ಮುಂಚೆ ಒಂದು ಚೀಟಿಯಲ್ಲಿ "ಬುಧವಾರ, ಮೂರು ಗಂಟೆ" ಎಂದು ಬರೆದು ಅಪ್ಪನ ಜೇಬಿಗೆ ಹಾಕುತ್ತಾಳೆ. ಅವರು ಆಗಾಗ ಜೇಬು ಮುಟ್ಟಿಕೊಳ್ಳುತ್ತಾರೆ. ಬಾಗಿಲ ಹಿಡಿಗೆ ಕೈ ಹಾಕುವುದು ಪೂರ್ತಿ ನಿಂತಿಲ್ಲ, ತುಂಬ ಕಡಿಮೆಯಾಗಿದೆ. ಕಡತದಲ್ಲಿ ಆ ಹಳೆಯ ಸಾಲು ಹೊಡೆದು ಹಾಕಿಸಿದೆ.

8. ಒಮ್ಮೊಮ್ಮೆ ನೀವು ಓದಿದ್ದನ್ನು ಹೇಳಲೇಬೇಕು

1944ರ ಶಿಕ್ಷಣ ಕಾಯ್ದೆಯ ನಂತರ ಹತ್ತು ಹನ್ನೊಂದರ ವಯಸ್ಸಿನಲ್ಲಿ ಒಂದು ಪರೀಕ್ಷೆ, ಇಲೆವೆನ್ ಪ್ಲಸ್. ಗೆದ್ದವರು ಗ್ರಾಮರ್ ಶಾಲೆಗೆ, ಅಲ್ಲಿಂದ ಕಾಲೇಜಿನ ದಾರಿ. ಉಳಿದವರು ಸೆಕೆಂಡರಿ ಮಾಡರ್ನ್‌ಗೆ, ಹದಿನೈದಕ್ಕೆ ಶಾಲೆ ಬಿಡುವ ದಾರಿ. ಫಲಿತಾಂಶದ ಲಕೋಟೆ ಬಾಗಿಲ ಸಂದಿಯಿಂದ ಬೀಳುತ್ತಿತ್ತು. ಗೆದ್ದ ಮಗುವಿಗೆ ಹಲವು ಮನೆಗಳಲ್ಲಿ ಹೊಸ ಸೈಕಲ್.

ಅಕ್ಕನಿಗೆ ಸೈಕಲ್ ಸಿಕ್ಕಿ ತನಗೆ ಸಿಗದ ಒಬ್ಬರು ನಮ್ಮಲ್ಲಿದ್ದರು. ಅರವತ್ತು ವರ್ಷ ಒಂದು ಅಂಗಡಿಯ ಲೆಕ್ಕವನ್ನು ತಪ್ಪಿಲ್ಲದೆ ನೋಡಿದವರು. ಪದಬಂಧ ಮುಂದಿಟ್ಟರೆ "ನಾನು ದಡ್ಡಿ, ಅಕ್ಕನಿಗೆ ಕೊಡು" ಅನ್ನುತ್ತಿದ್ದರು. ಅಕ್ಕ ತೀರಿ ಇಪ್ಪತ್ತು ವರ್ಷವಾಗಿತ್ತು. ಹೆಣ್ಣುಮಕ್ಕಳ ಗ್ರಾಮರ್ ಶಾಲೆಗಳಲ್ಲಿ ಸೀಟು ಕಡಿಮೆ ಇದ್ದುದರಿಂದ ಹಲವು ಜಿಲ್ಲೆಗಳಲ್ಲಿ ಹುಡುಗಿಯರು ಹುಡುಗರಿಗಿಂತ ಹೆಚ್ಚು ಅಂಕ ತೆಗೆಯಬೇಕಿತ್ತು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಅಮ್ಮನಿಗೆ ಗೊತ್ತಿದ್ದಿದ್ದರೆ ಚೆನ್ನಾಗಿತ್ತು" ಅಂದರು. ಹನ್ನೊಂದರ ಮಗುವಿಗೆ ಹಣೆಬರಹ ಬರೆದುಕೊಟ್ಟ ಆ ಪರೀಕ್ಷೆಯ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.

9. ಪರದೆ ಎಳೆದ ಕಿಟಕಿಯ ಹಿಂದಿನದನ್ನೂ ಬರೆದುಕೊಳ್ಳಿ

ಬಡಾವಣೆಯ ಬಾಲ್ಯ ಎಂದರೆ ಗುಲಾಬಿ, ಚಹಾ, ಸೈಕಲ್ಲು ಎಂದು ನೆನಪಿನ ಪುಸ್ತಕ ಮಾಡುವವರು ಬಹಳ. ಅದೇ ಮನೆಗಳಲ್ಲಿ 1945, 46ರಲ್ಲಿ ಮಕ್ಕಳು ಗುರುತಿಲ್ಲದ ಗಂಡಸೊಬ್ಬನನ್ನು ಅಪ್ಪ ಎಂದು ಕರೆಯಲು ಕಲಿತರು. ಒಬ್ಬರ ಅಪ್ಪ ಬರ್ಮಾ ಯುದ್ಧದಿಂದ ಮರಳಿದವರು. ಏನೂ ಹೇಳಲಿಲ್ಲ, ಅನ್ನ ಮಾತ್ರ ಎಂದೂ ತಿನ್ನಲಿಲ್ಲ. ಅವರು ಬಿಟ್ಟುಹೋದ ಒಂದು ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ "ಬ್ಯಾಂಗಲೋರ್" ಎಂದಿದೆ. ಯುದ್ಧಕಾಲದಲ್ಲಿ ಬೆಂಗಳೂರು ದೊಡ್ಡ ಸೇನಾನೆಲೆ, ಗಾಯಾಳುಗಳ ಆಸ್ಪತ್ರೆಗಳೂ ಅಲ್ಲಿದ್ದವು ಎಂದು ಮಗಳಿಗೆ ನಾನು ಹೇಳಿದಾಗ, ಅಪ್ಪ ನಕ್ಕಿರುವ ಫೋಟೋ ಇದೊಂದೇ ಎಂದರು.

ಇನ್ನೊಬ್ಬರ ಮಾತು. ಅವರ ಅಮ್ಮ ಮುಂಬಾಗಿಲಿನ ಮೇಲಿನ ಪುಟ್ಟ ಕೋಣೆಯನ್ನು ಬಾಡಿಗೆಗೆ ಕೊಡಲು ಪತ್ರಿಕೆ ಅಂಗಡಿಯ ಕಿಟಕಿಯಲ್ಲಿ ಚೀಟಿ ಹಾಕಿಸಿದ್ದರು. ಇವರಿಗೆ ಒಂಬತ್ತು ವರ್ಷ. ಕೋಟು ತೊಟ್ಟ ಭಾರತದ ಹುಡುಗನೊಬ್ಬ ಬಂದ, ವಿದ್ಯಾರ್ಥಿ. ಕೋಣೆ ಹೋಯಿತು ಎಂದರು ಅಮ್ಮ. ಹಿಂದೆ ನಿಂತ ಮಗು, "ಇಲ್ಲಮ್ಮ, ಹೋಗಿಲ್ಲ" ಅಂದಿತು. ಹುಡುಗ ಟೋಪಿ ಮುಟ್ಟಿ ಹೊರಟುಹೋದ. ಅಮ್ಮ ಅಂದು ಹೊಡೆದರು. ಬಣ್ಣ ನೋಡಿ ಮನೆ ಇಲ್ಲವೆನ್ನುವುದು ಕಾನೂನಿನ ಪ್ರಕಾರ ತಪ್ಪಾದದ್ದು 1968ರಲ್ಲಿ. ಅಲ್ಲಿಯವರೆಗೆ ಚೀಟಿಯಲ್ಲೇ "ಕರಿಯರಿಗಿಲ್ಲ" ಎಂದು ಬರೆದು ಅಂಟಿಸುತ್ತಿದ್ದರು.

ಇದನ್ನು ಹೇಳುವಾಗ ಅವರು ನನ್ನ ಕೈ ಹಿಡಿದಿದ್ದರು. ನಾನು ಬಿಡಿಸಿಕೊಳ್ಳಲಿಲ್ಲ. ಬರೆದುಕೊಳ್ಳಲೇ ಎಂದು ಕೇಳಿದೆ. "ಬರಿ. ಅವನ ಕೋಟು ಬೂದು ಬಣ್ಣದ್ದು, ಅದನ್ನೂ ಬರಿ" ಅಂದರು.

10. ಅದೇ ದಿನ ಬರೆಯಿರಿ

ಇಂಗ್ಲೆಂಡಿನ ಕೇರ್ ಹೋಮ್‌ಗಳಿಗೆ ನಮ್ಮ ಕಡೆಯಿಂದಲೂ ಹುಡುಗ ಹುಡುಗಿಯರು ಬಂದಿದ್ದಾರೆ. ಈ ಊರಿನ ಬಾಲ್ಯ ನಮ್ಮದಲ್ಲ, ನಮಗೇನು ತಿಳಿದೀತು ಎಂದು ಅಳುಕಬೇಡಿ. ಗೊತ್ತಿಲ್ಲದವರು ಕೇಳಿದರೆ ಅವರು ಬಿಡಿಸಿ ಹೇಳುತ್ತಾರೆ. ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ, ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವರದೇ ಮಾತಿನಲ್ಲಿ ಬರೆದುಬಿಡಿ. ನಾಳೆಗಿಟ್ಟರೆ ಅದು ನಿಮ್ಮ ಮಾತಾಗಿರುತ್ತದೆ. ಒಂದು ಪ್ರತಿ ಮನೆಯವರಿಗೆ ಕೊಡಿ, ಒಂದು ಅವರ ಹಾಸಿಗೆಯ ಪಕ್ಕ ಇಡಿ.

1953ರ ಆ ಫೆಬ್ರವರಿ ಬೆಳಿಗ್ಗೆ ಮಿಠಾಯಿ ಅಂಗಡಿಯ ಮುಂದೆ ಸಾಲು ನಿಂತ ಮಕ್ಕಳಿಗೆ ಈಗ ಎಂಬತ್ತರ ಆಸುಪಾಸು. ರಾತ್ರಿ ಮೂರು ಗಂಟೆಗೆ ಅವರಲ್ಲಿ ಹಲವರು ಎಚ್ಚರವಾಗಿರುತ್ತಾರೆ. ನಿಮ್ಮ ಪಾಳಿ ಇದ್ದರೆ, ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.